ಬೆಟ್ಟದ ತುದೀಲಿ ಹೊತ್ತು ಮುಳುಗೋದು ನೋಡಿ ಕತ್ತಲಲ್ಲಿ ಸೇಫಾಗಿ ಇಳಿಯೋದು ಹೇಗೆ: ಪೂರ್ತಿ ಪ್ಲ್ಯಾನ್

ಸೂರ್ಯೋದಯ ನೋಡೋಕೆ ಬೆಟ್ಟ ಹತ್ತೋರಿಗೆ ಒಂದು ಅನುಕೂಲ ಇದೆ, ಕತ್ತಲಲ್ಲಿ ಹತ್ತಿ ಬೆಳಕಲ್ಲಿ ಇಳೀತಾರೆ. ದಾರಿ ತಪ್ಪಿದ್ರೂ ತಡ ಆದ್ರೂ ಸ್ವಲ್ಪ ಹೊತ್ತು ಕೂತ್ರೆ ಸಾಕು, ತಾನಾಗೇ ಬೆಳಗಾಗತ್ತೆ. ಸಂಜೆ ಟ್ರೆಕ್ಕಿಂದು ಪೂರ್ತಿ ಉಲ್ಟಾ ಕತೆ. ಹತ್ತುವಾಗ ಬಿಸಿಲು, ತುದೀಲಿ ಚಂದ, ಆಮೇಲೆ ಕಾಲು ಸೋತಿರೋ ಹೊತ್ತಿಗೆ ಸರಿಯಾಗಿ ಕಣ್ಣೂ ಕೈಕೊಡತ್ತೆ, ಅದೂ ಇಳಿಜಾರಲ್ಲಿ.

ನಾನು ಮೊದಲ ಸಲ ಹೋದಾಗ ನಾಲ್ಕು ಜನಕ್ಕೆ ಇದ್ದದ್ದು ಒಂದೇ ಟಾರ್ಚು, ಉಳಿದೋರೆಲ್ಲ ಮೊಬೈಲ್ ಲೈಟು. ಸೂರ್ಯಾಸ್ತ ಸೂಪರ್ ಆಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಇಳಿಯುವಾಗ ಒಂದು ಕಡೆ ಎಡಕ್ಕೆ ಹೋಗೋ ಬದಲು ಬಲಕ್ಕೆ ಹೋಗಿ ಸುಮಾರು 40 ನಿಮಿಷ ಪೊದೆ ಒಳಗೆ ತಡಕಾಡಿದ್ವಿ. ಆಮೇಲೆ ಕೂತು ಯೋಚ್ನೆ ಮಾಡಿದ್ರೆ ಹತ್ತುವಾಗ ಅಲ್ಲೊಂದು ಕವಲು ಇದೆ ಅಂತ ನಾಲ್ಕು ಜನದಲ್ಲಿ ಒಬ್ರಿಗೂ ಗೊತ್ತೇ ಆಗಿರ್ಲಿಲ್ಲ. ಗೊತ್ತಾಗೋದೂ ಇಲ್ಲ, ಯಾಕಂದ್ರೆ ಹತ್ತುವಾಗ ಇನ್ನೊಂದು ದಾರಿ ಹಿಂದಿನಿಂದ ಬಂದು ನಮ್ಮ ದಾರಿಗೆ ಸೇರ್ಕೊಳತ್ತೆ ಅಷ್ಟೇ, ಅದು ಕವಲು ಅನ್ನಿಸೋದು ವಾಪಸ್ ಬರುವಾಗ ಮಾತ್ರ.

ಅವತ್ತಿಂದ ನಾನು ಸಂಜೆ ಟ್ರೆಕ್ಕನ್ನ ರಾತ್ರಿ ಇಳಿಯೋ ಟ್ರೆಕ್ ಅಂತಾನೇ ಲೆಕ್ಕ ಹಾಕೋದು. ಪ್ಲ್ಯಾನ್ ಶುರು ಮಾಡೋದು ರಾತ್ರಿ ಕೆಳಗೆ ಬಂದು ಮುಟ್ಟೋ ಟೈಮಿಂದ, ಅಲ್ಲಿಂದ ಹಿಂದಕ್ಕೆ ಬರ್ತಾ ಬರ್ತಾ ಮಧ್ಯಾಹ್ನ ಎಷ್ಟೊತ್ತಿಗೆ ಹೊರಡ್ಬೇಕು ಅನ್ನೋದು ಕೊನೇಲಿ ಸಿಗತ್ತೆ. ಕೆಳಗೆ ಬರ್ದಿರೋದು ಅದೇ ಕ್ರಮ.

1. ಮೊದಲು ಬೆಟ್ಟ ಆರಿಸ್ಕೊಳ್ಳಿ, ಇಳಿಯೋ ದಾರಿ ನೋಡಿ ಆರಿಸ್ಕೊಳ್ಳಿ

ತುದಿಯಿಂದ ವ್ಯೂ ಹೇಗಿದೆ ಅನ್ನೋದು ಎರಡನೇ ಪ್ರಶ್ನೆ. ಮೊದಲನೇದು, ಈ ದಾರೀಲಿ ಕತ್ತಲಲ್ಲಿ, ಸುಸ್ತಾದ ಕಾಲಲ್ಲಿ, ತಲೆಗೆ ಕಟ್ಟಿದ ಲೈಟಿನ ಬೆಳಕಲ್ಲಿ ಇಳಿಯಕ್ಕಾಗತ್ತಾ? ಕೈ ಊರಿ ಹತ್ತೋ ಬಂಡೆ ಇದ್ರೆ, ಸಡಿಲ ಜಲ್ಲಿ ಕಲ್ಲಿನ ಇಳಿಜಾರು ಇದ್ರೆ, ಒಂದು ಪಕ್ಕ ಪ್ರಪಾತ ಇರೋ ಕಿರಿದಾದ ಏಣು ಇದ್ರೆ, ಅಥವಾ ಸಂಜೆ ಮಳೆ ಬಂದ್ರೆ ನೀರು ಏರೋ ಹಳ್ಳ ದಾಟ್ಬೇಕು ಅಂತಿದ್ರೆ ಅದು ಹಗಲಿಗೆ ಇಟ್ಕೊಳ್ಳೋ ಬೆಟ್ಟ. ಹಗಲಲ್ಲಿ ಸಲೀಸಾಗಿ ಹತ್ತಿದ ಬಂಡೇನೇ ರಾತ್ರಿ ಇಳಿಯುವಾಗ ಬೇರೆ ಥರ ಕಾಣತ್ತೆ, ಕಾಲಿಡೋ ಜಾಗ ನಮ್ಮ ಕಾಲಿನ ನೆರಳಲ್ಲೇ ಮುಚ್ಚಿ ಹೋಗಿರತ್ತೆ.

ಮೊದಲ ಸಲ ಆದ್ರೆ ಎರಡು ಷರತ್ತು. ಒಂದು, ನೀವು ಹಗಲು ಹೊತ್ತಲ್ಲಿ ಒಂದು ಸಲನಾದ್ರೂ ಹತ್ತಿ ಇಳಿದಿರೋ ಬೆಟ್ಟ ಆಗಿರ್ಬೇಕು. ಎರಡು, ಹತ್ತೋಕೆ ಎರಡು ಗಂಟೆ ಮೀರಬಾರದು. ಇಷ್ಟು ಸಣ್ಣದಾ ಅನ್ನಿಸಬಹುದು, ಪರವಾಗಿಲ್ಲ, ಸಣ್ಣ ಗುಡ್ಡದ ಮೇಲಿಂದಾನೂ ಸೂರ್ಯ ಅದೇ ಸೂರ್ಯ.

ಇನ್ನೊಂದು ವಿಷ್ಯ, ತುದಿಗೇ ಹೋಗ್ಬೇಕು ಅಂತೇನಿಲ್ಲ. ಎಷ್ಟೋ ಬೆಟ್ಟದ ತುದೀಲಿ ಮರ ಮುಚ್ಕೊಂಡಿರತ್ತೆ ಇಲ್ಲಾ ಪಶ್ಚಿಮಕ್ಕೆ ಇನ್ನೊಂದು ಎತ್ತರದ ಸಾಲು ಅಡ್ಡ ಇರತ್ತೆ, ಆದರೆ ತುದಿಗಿಂತ 100 ಮೀಟರ್ ಕೆಳಗೆ ಪಶ್ಚಿಮದ ಕಡೆ ಚಾಚಿರೋ ಹೆಗಲಿಂದ ಪೂರ್ತಿ ಬಯಲು ಕಾಣತ್ತೆ. ಅಂಥ ಜಾಗ ಒಂದನ್ನ ಮ್ಯಾಪಲ್ಲಿ ಗುರ್ತು ಮಾಡಿಟ್ಕೊಳ್ಳಿ, ಮುಂದೆ ಪ್ಲ್ಯಾನ್ ಬಿ ಆಗಿ ಬೇಕಾಗತ್ತೆ.

ಜೊತೆಗೆ ಆ ಜಾಗದ ನಿಯಮ ಏನಿದೆ ನೋಡಿ. ಸುಮಾರು ಸಂರಕ್ಷಿತ ಕಾಡು, ಪಾರ್ಕ್‌ಗಳಲ್ಲಿ ಹೊತ್ತು ಮುಳುಗಿದ ಮೇಲೆ ಒಳಗೆ ಇರೋ ಹಾಗಿಲ್ಲ, ಕೆಲವು ಕಡೆ ಪಾರ್ಕಿಂಗ್ ಗೇಟಿಗೇ ಬೀಗ ಹಾಕ್ತಾರೆ. ನಿಷೇಧ ಇದ್ರೆ ಅದನ್ನ ಬಿಟ್ಟು ಬೇರೆ ಬೆಟ್ಟ ಹುಡುಕಿ, ಕದ್ದು ಹೋಗೋ ಐಡಿಯಾ ಬೇಡ, ಮುಸ್ಸಂಜೆ ಅನ್ನೋದು ಸುಮಾರು ಕಾಡುಪ್ರಾಣಿಗಳು ಓಡಾಡೋ ಹೊತ್ತು ಅನ್ನೋ ಕಾರಣಕ್ಕೂ ಆ ನಿಯಮ ಮಾಡಿರ್ತಾರೆ.

2. ತಾರೀಖು: ಚಂದ್ರನ್ನ ಕೇಳಿ

ತುಂಬಾ ಜನ ಶನಿವಾರ ಭಾನುವಾರ ಮಾತ್ರ ನೋಡ್ತಾರೆ, ಚಂದ್ರನ್ನ ನೋಡಲ್ಲ. ಚಂದ್ರ ಪ್ರತಿದಿನ ಸರಾಸರಿ 50 ನಿಮಿಷ ತಡವಾಗಿ ಹುಟ್ತಾನೆ. ಹುಣ್ಣಿಮೆ ದಿನ ಹೆಚ್ಚುಕಡಿಮೆ ಸೂರ್ಯ ಮುಳುಗೋ ಹೊತ್ತಿಗೇ ಪೂರ್ವದಲ್ಲಿ ಏಳ್ತಾನೆ. ಕೇಳೋಕೆ ಚೆನ್ನಾಗಿದೆ, ಆದ್ರೆ ಆಗಷ್ಟೇ ಹುಟ್ಟಿದ ಚಂದ್ರ ಕೆಳಗೆ ಇರ್ತಾನೆ, ನೀವು ಪಶ್ಚಿಮದ ಇಳಿಜಾರಲ್ಲಿ ಇಳೀತಿದ್ರೆ ಬೆಟ್ಟವೇ ಅಡ್ಡ ನಿಂತು ಮೊದಲ ಒಂದು ಗಂಟೆ ಬೆಳಕೇ ಬೀಳಲ್ಲ. ಹುಣ್ಣಿಮೆ ಕಳೆದು ಮೂರು ದಿನ ಆದ್ರಂತೂ ನೀವು ಕೆಳಗೆ ಮುಟ್ಟೋ ಹೊತ್ತಿಗೆ ಆತ ಹುಟ್ಟಿರ್ತಾನೆ, ಏನು ಪ್ರಯೋಜನ.

ನನ್ನ ಲೆಕ್ಕದಲ್ಲಿ ಒಳ್ಳೆ ದಿನಗಳು ಅಂದ್ರೆ ಹುಣ್ಣಿಮೆಗೆ ಎರಡು ಮೂರು ದಿನ ಮುಂಚೆ, ದ್ವಾದಶಿ ತ್ರಯೋದಶಿ ಆಸುಪಾಸು. ಸೂರ್ಯ ಮುಳುಗೋ ಮುಂಚೇನೇ ಚಂದ್ರ ಸಾಕಷ್ಟು ಮೇಲೆ ಬಂದಿರ್ತಾನೆ, ಬೆಳಕೂ ಚೆನ್ನಾಗಿರತ್ತೆ. ಶುಕ್ಲಪಕ್ಷದ ಅಷ್ಟಮಿ ಕಡೆ ಹೋದ್ರೆ ಅರ್ಧ ಚಂದ್ರ ಸಂಜೆ ಹೊತ್ತಿಗೆ ತನ್ನ ದಾರೀಲಿ ಅತಿ ಎತ್ತರದಲ್ಲಿದ್ದು ಮಧ್ಯರಾತ್ರಿ ತನಕ ಇರ್ತಾನೆ, ಟೈಮಿಂಗ್ ಪರ್ಫೆಕ್ಟ್. ಆದ್ರೆ ಅರ್ಧ ಚಂದ್ರ ಅಂದ್ರೆ ಹುಣ್ಣಿಮೆಯ ಅರ್ಧ ಬೆಳಕು ಅಂದ್ಕೋಬೇಡಿ, ಸಿಗೋದು ಸುಮಾರು ಹತ್ತರಲ್ಲಿ ಒಂದು ಪಾಲು ಅಷ್ಟೇ. ಕೃಷ್ಣಪಕ್ಷದಲ್ಲಿ ಹೋಗಬಾರದು ಅಂತಲ್ಲ, ನಕ್ಷತ್ರ ನೋಡೋ ಆಸೆ ಇದ್ರೆ ಅದೇ ಬೆಸ್ಟು, ಆಗ ಪೂರ್ತಿ ಟಾರ್ಚ್ ಮೇಲೇ ಅವಲಂಬನೆ ಅಂತ ಮೊದಲೇ ಒಪ್ಕೊಂಡು ಹೋಗಿ. ದಟ್ಟ ಕಾಡಿನ ದಾರಿ ಆಗಿದ್ರೆ ಈ ಚಂದ್ರನ ಲೆಕ್ಕ ಎಲ್ಲ ಬಿಟ್ಬಿಡಿ, ಎಲೆ ಕೆಳಗೆ ಹುಣ್ಣಿಮೆನೂ ಅಮಾವಾಸ್ಯೆನೇ.

3. ಆ ಬೆಟ್ಟದ ಮೇಲೆ ಸೂರ್ಯ ನಿಜವಾಗಿ ಮುಳುಗೋದು ಎಷ್ಟೊತ್ತಿಗೆ, ಎಲ್ಲಿ

ಮೊಬೈಲಲ್ಲಿ ತೋರ್ಸೋ ಸೂರ್ಯಾಸ್ತದ ಟೈಮು ಸುತ್ತ ಸಮತಟ್ಟಾದ ದಿಗಂತ ಇದೆ ಅಂತ ಅಂದ್ಕೊಂಡು ಹಾಕಿರೋ ಲೆಕ್ಕ. ಬೆಟ್ಟದ ಮೇಲೆ ಅದು ಎರಡೂ ಕಡೆ ತಪ್ಪಬಹುದು.

ಪಶ್ಚಿಮಕ್ಕೆ ಎತ್ತರದ ಸಾಲು ಇದ್ರೆ ಸೂರ್ಯ ಬೇಗ ಮರೆಯಾಗ್ತಾನೆ. ಭೂಮಿ ತಿರುಗೋ ಲೆಕ್ಕದಲ್ಲಿ ಸೂರ್ಯ ಒಂದು ಡಿಗ್ರಿ ಸರಿಯೋಕೆ 4 ನಿಮಿಷ, ಹಾಗಾಗಿ ಎದುರಿನ ಸಾಲು ಕಣ್ಣಿನ ಮಟ್ಟಕ್ಕಿಂತ 5 ಡಿಗ್ರಿ ಮೇಲಿದ್ರೆ ಕನಿಷ್ಠ 20 ನಿಮಿಷ ಮುಂಚೇನೇ ಆಟ ಮುಗೀತು. ಸಮಭಾಜಕದಿಂದ ದೂರ ಹೋದಷ್ಟೂ ಸೂರ್ಯ ಓರೆಯಾಗಿ ಇಳಿಯೋದ್ರಿಂದ ಈ ವ್ಯತ್ಯಾಸ ಇನ್ನೂ ಜಾಸ್ತಿ. ತದ್ವಿರುದ್ಧ, ಸುತ್ತಲಿನ ಬಯಲಿಗಿಂತ 1000 ಮೀಟರ್ ಎತ್ತರದಲ್ಲಿ ನಿಂತಿದ್ದು ಎದುರಿಗೆ ಏನೂ ಅಡ್ಡ ಇಲ್ಲ ಅಂದ್ರೆ ದಿಗಂತ 110 ಕಿಲೋಮೀಟರಿಗಿಂತ ಆಚೆಗೆ ಹೋಗಿರತ್ತೆ, ಸುಮಾರು ಒಂದು ಡಿಗ್ರಿ ಕೆಳಗೂ ಇಳಿದಿರತ್ತೆ, ಕೆಳಗಿನ ಊರೋರಿಗೆ ಮುಳುಗಿದ ಸೂರ್ಯ ನಿಮಗೆ ಇನ್ನೂ ನಾಲ್ಕೈದು ನಿಮಿಷ ಕಾಣ್ತಾನೆ. ಒಂದು ಮಜಾ ಏನಂದ್ರೆ ಗಾಳಿ ಬೆಳಕನ್ನ ಬಗ್ಗಿಸೋದ್ರಿಂದ, ಸೂರ್ಯನ ಕೆಳ ಅಂಚು ದಿಗಂತಕ್ಕೆ ತಾಗಿದ ಹಾಗೆ ಕಾಣೋ ಹೊತ್ತಿಗೆ ಆತ ನಿಜವಾಗಿ ಆಗಲೇ ದಿಗಂತದ ಕೆಳಗಿರ್ತಾನೆ. ನಾವು ಫೋಟೋ ಹೊಡೆಯೋದು ಅಲ್ಲಿಲ್ಲದ ಸೂರ್ಯನ್ನ.

ಇನ್ನು ದಿಕ್ಕು. ಸೂರ್ಯ ಸರಿಯಾಗಿ ಪಶ್ಚಿಮಕ್ಕೆ ಮುಳುಗೋದು ವರ್ಷದಲ್ಲಿ ಎರಡೇ ಸಲ, ಮಾರ್ಚ್ 20 ಮತ್ತೆ ಸೆಪ್ಟೆಂಬರ್ 22ರ ಆಸುಪಾಸು. ಜೂನಲ್ಲಿ ಉತ್ತರಕ್ಕೆ ವಾಲಿರ್ತಾನೆ, ಡಿಸೆಂಬರಲ್ಲಿ ದಕ್ಷಿಣಕ್ಕೆ. ಸಮಭಾಜಕದ ಹತ್ರ ಈ ವಾಲೋದು ಎರಡೂ ಕಡೆ 23 ಡಿಗ್ರಿ ಚಿಲ್ಲರೆ, 40 ಡಿಗ್ರಿ ಅಕ್ಷಾಂಶದಲ್ಲಿ 31, 60ರಲ್ಲಿ 50 ಡಿಗ್ರಿ ದಾಟತ್ತೆ. ಅಂದ್ರೆ ಡಿಸೆಂಬರಲ್ಲಿ ಯಾರೋ ತೆಗೆದ ಸಖತ್ ಫೋಟೋ ನೋಡಿ ನೀವು ಜೂನಲ್ಲಿ ಹೋದ್ರೆ ಸೂರ್ಯ ಪಕ್ಕದ ಬೆಟ್ಟದ ಹಿಂದೆ ಹೋಗಿ ಕೂತಿರಬಹುದು. ಸೂರ್ಯನ ದಿಕ್ಕನ್ನ ಮ್ಯಾಪ್ ಮೇಲೆ ಗೆರೆ ಎಳೆದು ತೋರ್ಸೋ ಆ್ಯಪ್‌ಗಳಿವೆ, ತಾರೀಖು ಹಾಕಿ ಎರಡು ನಿಮಿಷ ನೋಡ್ಕೊಂಡ್ರೆ ಸಾಕು.

ಮುಳುಗಿದ ಮೇಲೆ ಎಷ್ಟು ಹೊತ್ತು ಬೆಳಕಿರತ್ತೆ ಅನ್ನೋದು ಇದಕ್ಕಿಂತ ಮುಖ್ಯ. ಸೂರ್ಯ ದಿಗಂತದಿಂದ 6 ಡಿಗ್ರಿ ಕೆಳಗೆ ಹೋಗೋ ತನಕ ಟಾರ್ಚ್ ಇಲ್ದೇನೂ ಬಯಲು ದಾರೀಲಿ ನಡೀಬಹುದು, ಆಮೇಲೆ ಕಾಲ ಕೆಳಗಿನ ಕಲ್ಲು ಕಾಣಲ್ಲ. ಉಷ್ಣವಲಯದಲ್ಲಿ ಇದು ಬರೀ 20ರಿಂದ 25 ನಿಮಿಷ, ದಬಕ್ ಅಂತ ಕತ್ತಲಾಗತ್ತೆ. 50 ಡಿಗ್ರಿ ಅಕ್ಷಾಂಶದ ಕಡೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ತನಕ ಸಿಗತ್ತೆ, 61 ಡಿಗ್ರಿಗಿಂತ ಉತ್ತರಕ್ಕೆ ಹೋದ್ರೆ ಜೂನ್ ಕೊನೇಲಿ ರಾತ್ರಿ ಇಡೀ ಈ ಬೆಳಕು ಹೋಗೋದೇ ಇಲ್ಲ. ಬೇರೆ ದೇಶದೋರು ಬರೆದ ಸಲಹೆ ಓದಿ "ಮುಳುಗಿದ ಮೇಲೂ ಮುಕ್ಕಾಲು ಗಂಟೆ ಬೆಳಕಿರತ್ತೆ" ಅಂತ ನಂಬಿ ಹೋಗೋರು ಇಲ್ಲೇ ಎಡವೋದು. ಕಾಡೊಳಗೆ ಇದರಲ್ಲಿ ಅರ್ಧ ಅಂತ ಹಿಡೀರಿ.

4. ಹಿಂದಿನಿಂದ ಮುಂದಕ್ಕೆ ಟೈಮ್ ಲೆಕ್ಕ

ನಡಿಗೆಯ ಲೆಕ್ಕಕ್ಕೆ ಹಳೇ ಸೂತ್ರ ಒಂದಿದೆ, 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಅನ್ನೋ ಪರ್ವತಾರೋಹಿ ಕೊಟ್ಟಿದ್ದು. ಈಗಿನ ಅಳತೇಲಿ ಹೇಳೋದಾದ್ರೆ ಪ್ರತಿ 5 ಕಿಲೋಮೀಟರ್‌ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಇದು ಗಟ್ಟಿ ಕಾಲಿನೋರಿಗೆ, ನಿಲ್ಲದೇ ನಡೆದ್ರೆ. ನಾವು ನೀವು ನೀರು ಕುಡೀತಾ ಫೋಟೋ ತೆಗೀತಾ ಹೋಗೋರು, ಅದಕ್ಕೆ ಕಾಲು ಭಾಗ ಸೇರಿಸಿ. ಗುಂಪಲ್ಲಿ ಅತಿ ನಿಧಾನ ನಡೆಯೋರು ಯಾರೋ ಅವರದ್ದೇ ಗುಂಪಿನ ಸ್ಪೀಡು, ಇದರಲ್ಲಿ ಚೌಕಾಸಿ ಇಲ್ಲ.

ಒಂದು ಉದಾಹರಣೆ ಮಾಡೋಣ. ಒಂದು ಕಡೆಗೆ 5 ಕಿಲೋಮೀಟರ್ ದಾರಿ, 600 ಮೀಟರ್ ಏರಿಕೆ, ಸೂರ್ಯಾಸ್ತ 6:30ಕ್ಕೆ. ಸೂತ್ರದ ಪ್ರಕಾರ ಹತ್ತೋಕೆ 2 ಗಂಟೆ, ಕಾಲು ಭಾಗ ಸೇರಿಸಿದ್ರೆ ಎರಡೂವರೆ. ತುದೀಲಿ ಸೂರ್ಯಾಸ್ತಕ್ಕಿಂತ 45 ನಿಮಿಷ ಮುಂಚೆ ಇರ್ಬೇಕು, ಅಂದ್ರೆ 5:45. ಯಾಕೆ ಅಷ್ಟು ಮುಂಚೆ ಅಂದ್ರೆ ಬಣ್ಣದ ಬಿಸಿಲು ಶುರುವಾಗೋದೇ ಆಗ, ಜೊತೆಗೆ ಬಟ್ಟೆ ಬದಲಾಯಿಸ್ಬೇಕು, ಇಳಿಯೋ ದಾರಿ ಎಲ್ಲಿ ಶುರುವಾಗತ್ತೆ ಅಂತ ಬೆಳಕಲ್ಲೇ ನೋಡಿಟ್ಕೋಬೇಕು. ಹಾಗಾದ್ರೆ ಕೆಳಗಿಂದ ಹೊರಡೋದು 3:15ಕ್ಕೆ, ಹೊರಡೋದು ಅಂದ್ರೆ ಹೆಜ್ಜೆ ಇಡೋದು, ಗಾಡಿ ಪಾರ್ಕ್ ಮಾಡಿ ಶೂ ಲೇಸ್ ಕಟ್ಟೋಕೆ ಶುರು ಮಾಡೋದಲ್ಲ.

ಈಗ ಇಳಿಯೋದು. ಹಗಲಲ್ಲಿ ಈ ದಾರಿ ಇಳಿಯೋಕೆ ಒಂದೂವರೆ ಗಂಟೆ ಬೇಕು ಅಂತಿಟ್ಕೊಂಡ್ರೆ ಕತ್ತಲಲ್ಲಿ ಅದರ ಒಂದೂವರೆ ಪಟ್ಟು, ಅಂದ್ರೆ ಎರಡೂ ಕಾಲು ಗಂಟೆ. ಸೂರ್ಯ ಮುಳುಗಿ 20 ನಿಮಿಷ ಕೂತು 6:50ಕ್ಕೆ ತುದಿ ಬಿಟ್ರೆ ಕೆಳಗೆ ಮುಟ್ಟೋದು 9:05ಕ್ಕೆ. ಈ ಕೊನೇ ಅಂಕಿ ಇದ್ಯಲ್ಲ, ಇದನ್ನ ಮೊದಲು ಬರ್ಕೊಳ್ಳಿ. ರಾತ್ರಿ 9ಕ್ಕೆ ಗೇಟ್ ತೆಗ್ದಿರತ್ತಾ, ವಾಪಸ್ ಹೋಗೋಕೆ ಗಾಡಿ ಇರತ್ತಾ, ಡ್ರೈವ್ ಮಾಡೋರಿಗೆ ನಿದ್ದೆ ಬರಲ್ವಾ, ಇದಕ್ಕೆಲ್ಲ ಉತ್ತರ ಸಿಕ್ರೆ ಮಾತ್ರ ಪ್ಲ್ಯಾನ್ ಮುಂದುವರೀಬೇಕು.

ಮತ್ತೆ ಒಂದು ಕಟ್‌ಆಫ್ ಟೈಮ್. ಎರಡೂವರೆ ಗಂಟೆಯ ಹತ್ತೋ ದಾರೀಲಿ 4:30ಕ್ಕೆ ಅರ್ಧ ಎತ್ತರ ಮುಟ್ಟಿರ್ಬೇಕು. 5 ಗಂಟೆ ಆದ್ರೂ ಅಲ್ಲಿಗೆ ಬಂದಿಲ್ಲ ಅಂದ್ರೆ ತುದಿ ಆಸೆ ಬಿಟ್ಟು, ಮೊದಲೇ ಗುರ್ತು ಹಾಕಿದ ಆ ಹೆಗಲಿಗೆ ಹೋಗಿ ಕೂತ್ಕೊಳ್ಳಿ. ಈ ಮಾತನ್ನ ಕೆಳಗೇ, ಎಲ್ರ ತಲೆ ತಣ್ಣಗಿರುವಾಗಲೇ ಹೇಳಿ ಒಪ್ಪಿಸ್ಬೇಕು, ಮೇಲೆ ಹೋದ್ಮೇಲೆ "ಇನ್ನೇನು ಹತ್ತೇ ನಿಮಿಷ" ಅನ್ನೋರು ಗುಂಪಿಗೆ ಒಬ್ರು ಇದ್ದೇ ಇರ್ತಾರೆ. (ನಾನೇ ಆ ಒಬ್ರು, ಅದಕ್ಕೇ ಹೇಳ್ತಿರೋದು.)

ತುದಿಯ ಹತ್ರ ಬಂಡೆ ಭಾಗ ಇದ್ರೆ ಇನ್ನೊಂದು ಟ್ರಿಕ್ ಇದೆ. ಸೂರ್ಯ ಪೂರ್ತಿ ಮರೆಯಾದ ತಕ್ಷಣ ಎದ್ದು ಆ ಕಷ್ಟದ 15 ನಿಮಿಷದ ದಾರೀನ ಉಳಿದ ಬೆಳಕಲ್ಲೇ ಇಳಿದುಬಿಡಿ, ಆಮೇಲೆ ಸಮತಟ್ಟು ಜಾಗದಲ್ಲಿ ಕೂತು ಆಕಾಶದ ಬಣ್ಣ ನೋಡಿ. ಆಕಾಶ ಎರಡೂ ಕಡೆಯಿಂದ ಒಂದೇ, ಬಂಡೆ ಮಾತ್ರ ಹಗಲಲ್ಲಿ ಒಂದು ಥರ ಇರುಳಲ್ಲಿ ಇನ್ನೊಂದು ಥರ.

5. ಮೋಡ, ಗಾಳಿ, ಗುಡುಗು

ಸೂರ್ಯಾಸ್ತಕ್ಕೆ ಪೂರ್ತಿ ಖಾಲಿ ಆಕಾಶ ಬೇಕು ಅನ್ನೋದು ತಪ್ಪು ಕಲ್ಪನೆ. ಖಾಲಿ ಆಕಾಶದಲ್ಲಿ ಸೂರ್ಯ ನೀಟಾಗಿ ಮುಳುಗ್ತಾನೆ, ಬಣ್ಣ ಅಷ್ಟಕ್ಕಷ್ಟೇ. ಬೇಕಾಗಿರೋದು ಮೇಲೆ ತುಂಬಾ ಎತ್ತರದಲ್ಲಿ ಹತ್ತಿ ಹಿಂಜಿದ ಹಾಗಿರೋ ತೆಳು ಮೋಡ, ಮತ್ತೆ ಪಶ್ಚಿಮದ ದಿಗಂತದಲ್ಲಿ ಒಂದಿಷ್ಟು ಖಾಲಿ ಜಾಗ. ನಮಗೆ ಸೂರ್ಯ ಮುಳುಗಿದ್ರೂ ಎತ್ತರದ ಮೋಡಕ್ಕೆ ಇನ್ನೂ ಮುಳುಗಿರಲ್ಲ, ಕೆಳಗಿಂದ ಬೆಳಕು ಹೊಡೆದು ಇಡೀ ಆಕಾಶ ಕೆಂಪಡರತ್ತೆ. ದಿಗಂತದ ಹತ್ರ ಸೂರ್ಯನ ಬೆಳಕು ನೆತ್ತಿ ಮೇಲಿದ್ದಾಗಿಗಿಂತ ಸುಮಾರು 38 ಪಟ್ಟು ಗಾಳಿ ದಾಟಿ ಬರ್ಬೇಕು, ಅಷ್ಟರಲ್ಲಿ ನೀಲಿ ಎಲ್ಲ ಚದುರಿ ಹೋಗಿ ಕೆಂಪು ಕಿತ್ತಳೆ ಮಾತ್ರ ಉಳಿಯತ್ತೆ. ಮಳೆ ಬಂದು ಧೂಳು ತೊಳೆದು ಹೋದ ಮಾರನೇ ದಿನ ಬಣ್ಣ ಗಾಢವಾಗಿರೋದೂ ಇದಕ್ಕೇ, ದಟ್ಟ ಧೂಳು ಹೊಗೆ ಇದ್ರೆ ಸೂರ್ಯ ಮಂಕಾಗಿ ದಿಗಂತ ಮುಟ್ಟೋ ಮುಂಚೇನೇ ಕರಗಿ ಹೋಗ್ತಾನೆ.

ಬೇಸಿಗೆ ಸಂಜೆ ಗುಡುಗು ಮಳೆ ಬೇರೆ ವಿಷ್ಯ, ಅಲ್ಲಿ ಚಂದ ನೋಡ್ಕೊಂಡು ಕೂರೋ ಹಾಗಿಲ್ಲ. ಮಧ್ಯಾಹ್ನದಿಂದ ಮೋಡ ಹೂಕೋಸಿನ ಥರ ಮೇಲಕ್ಕೆ ಉಬ್ಬುತ್ತಾ ಇದ್ರೆ ಹೊರಡೋದೇ ಬೇಡ. ಮಿಂಚು ಕಂಡು ಗುಡುಗು ಕೇಳೋ ತನಕ ಸೆಕೆಂಡ್ ಎಣಿಸಿ, 3 ಸೆಕೆಂಡಿಗೆ 1 ಕಿಲೋಮೀಟರ್. 30 ಸೆಕೆಂಡಿಗಿಂತ ಕಮ್ಮಿ ಆದ್ರೆ ತುದಿ, ಏಣು, ಒಂಟಿ ಮರ ಬಿಟ್ಟು ಕೆಳಗಿಳೀರಿ, ಕೊನೇ ಗುಡುಗು ಕೇಳಿ ಅರ್ಧ ಗಂಟೆ ಆಗೋ ತನಕ ವಾಪಸ್ ಮೇಲೆ ಹೋಗ್ಬೇಡಿ. ಅಷ್ಟರಲ್ಲಿ ಸೂರ್ಯ ಹೋಗಿರ್ತಾನೆ, ಹೋಗ್ಲಿ.

ಚಳಿ ಬಗ್ಗೆ: ಪ್ರತಿ 1000 ಮೀಟರ್ ಏರಿಕೆಗೆ ಸರಾಸರಿ 6.5 ಡಿಗ್ರಿ ಕಮ್ಮಿ ಆಗತ್ತೆ. ಅದರ ಮೇಲೆ ಗಾಳಿ, ಅದರ ಮೇಲೆ ಬೆವರಿಂದ ಒದ್ದೆ ಆದ ಬನೀನು, ಅದರ ಮೇಲೆ ಒಂದು ಗಂಟೆ ಅಲ್ಲಾಡದೇ ಕೂರೋದು. ಕೆಳಗೆ ಬೆವರು ಸುರೀತಿದ್ರೂ ಮೇಲೆ ಹಲ್ಲು ಕಟಕಟ ಅನ್ನೋದು ಇದಕ್ಕೇ.

6. ಬ್ಯಾಗಲ್ಲಿ ಏನಿರ್ಬೇಕು

ಇದರಲ್ಲಿ ಹೆಡ್‌ಲ್ಯಾಂಪ್ ಬಗ್ಗೆ ಮಾತ್ರ ಉದ್ದ ಹೇಳ್ತೀನಿ, ಉಳಿದದ್ದು ನಿಮಗೆ ಗೊತ್ತಿರೋದೇ.

ತಲಾ ಒಂದು ಹೆಡ್‌ಲ್ಯಾಂಪ್, ಇಬ್ರಿಗೆ ಒಂದು ಅನ್ನೋ ಲೆಕ್ಕ ಇಲ್ಲ. ಮೊಬೈಲ್ ಲೈಟು ಲೆಕ್ಕಕ್ಕಿಲ್ಲ, ಯಾಕಂದ್ರೆ ಒಂದು ಕೈ ಹೋಗತ್ತೆ, ಬಿದ್ರೆ ಲೈಟು ಮ್ಯಾಪು ಫೋನು ಮೂರೂ ಒಟ್ಟಿಗೆ ಹೋಗತ್ತೆ. 200ರಿಂದ 300 ಲ್ಯೂಮೆನ್ (ಬೆಳಕು ಎಷ್ಟು ಜೋರು ಅನ್ನೋದರ ಅಳತೆ) ಸಾಕು, ಸಾವಿರ ಲ್ಯೂಮೆನ್ನಿನದು ತಗೊಂಡು ದುಡ್ಡು ದಂಡ ಮಾಡ್ಬೇಡಿ. ಡಬ್ಬಿ ಮೇಲೆ ಬರ್ದಿರೋ ಗಂಟೆಗಳನ್ನ ನಂಬ್ಬೇಡಿ, ಸಾಮಾನ್ಯವಾಗಿ ಬಳಸೋ ಎಫ್ಎಲ್1 ಅನ್ನೋ ಮಾನದಂಡದಲ್ಲಿ ಬೆಳಕು ಶುರುವಿನ 10 ಪರ್ಸೆಂಟಿಗೆ ಇಳಿಯೋ ತನಕದ ಟೈಮನ್ನ ಲೆಕ್ಕ ಹಾಕ್ತಾರೆ, ಅಂದ್ರೆ ಕೊನೇ ಗಂಟೆಗಳಲ್ಲಿ ಅದು ದೀಪ ಅಲ್ಲ ಮಿಣುಕುಹುಳ. ಹೊರಡೋ ಹಿಂದಿನ ರಾತ್ರಿ ಮನೇಲಿ ಫುಲ್ ಚಾರ್ಜ್ ಮಾಡಿ ಎರಡು ಗಂಟೆ ಉರಿಸಿ ನೋಡಿ, ಅದಾದ್ಮೇಲೆ ಮತ್ತೆ ಚಾರ್ಜ್ ಮಾಡಿ. ಬ್ಯಾಗಲ್ಲಿ ತಾನಾಗೇ ಆನ್ ಆಗದ ಹಾಗೆ ಲಾಕ್ ಮಾಡೋ ಆಪ್ಶನ್ ಇದ್ರೆ ಹಾಕಿ, ಇಲ್ಲಾಂದ್ರೆ ಬ್ಯಾಟರಿ ತಿರುಗಿಸಿ ಇಡಿ. ಗುಂಪಿಗೆ ಒಂದು ಎಕ್ಸ್‌ಟ್ರಾ ಲ್ಯಾಂಪು, ಎಲ್ರಿಗೂ ಸ್ಪೇರ್ ಬ್ಯಾಟರಿ ಇಲ್ಲಾ ಪವರ್‌ಬ್ಯಾಂಕು.

ಇನ್ನುಳಿದಿದ್ದು: ಗಾಳಿ ತಡೆಯೋ ಜಾಕೆಟ್ಟು, ಒಳಗೆ ಬೆಚ್ಚಗಿನದ್ದೊಂದು, ಬದಲಾಯಿಸೋಕೆ ಒಣಗಿದ ಟೀಶರ್ಟು, ಟೋಪಿ. ನೀರು ಗಂಟೆಗೆ ಅರ್ಧ ಲೀಟರ್ ಲೆಕ್ಕದಲ್ಲಿ, ಅದರಲ್ಲಿ ಮೂರನೇ ಒಂದು ಭಾಗ ಇಳಿಯೋಕೆ ಉಳಿಸ್ಕೊಳ್ಳಿ. ತಿನ್ನೋಕೆ ಒಂದಿಷ್ಟು, ಸೀಟಿ, ಫಸ್ಟ್‌ಏಡ್, ಮಂಡಿ ನೋವಿರೋರಿಗೆ ಕೋಲು. ಆಫ್‌ಲೈನ್ ಮ್ಯಾಪು ಮನೇಲೇ ಡೌನ್‌ಲೋಡ್ ಮಾಡಿ. ಫೋನನ್ನ ಏರ್‌ಪ್ಲೇನ್ ಮೋಡಲ್ಲಿ ಇಟ್ರೂ ಜಿಪಿಎಸ್ ಕೆಲಸ ಮಾಡತ್ತೆ, ಬ್ಯಾಟರಿ ಉಳಿಯತ್ತೆ. ಚಳೀಲಿ ಫೋನ್ ಬೇಗ ಸಾಯತ್ತೆ, ಒಳಜೇಬಲ್ಲಿ ಮೈಗೆ ತಾಗೋ ಹಾಗೆ ಇಟ್ಕೊಳ್ಳಿ.

ಮನೇಲಿರೋ ಒಬ್ರಿಗೆ ಯಾವ ಬೆಟ್ಟ, ಯಾವ ದಾರಿ, ಎಷ್ಟು ಜನ, ಎಷ್ಟೊತ್ತಿಗೆ ಕೆಳಗೆ, ಎಷ್ಟೊತ್ತಾದ್ರೂ ಮೆಸೇಜ್ ಬರದಿದ್ರೆ ಯಾರಿಗೆ ಫೋನ್ ಮಾಡ್ಬೇಕು ಅಂತ ಬರೆದು ಕಳ್ಸಿ. ಬಾಯಲ್ಲಿ ಹೇಳಿದ್ದು ಮರೀತಾರೆ.

7. ಹತ್ತುವಾಗ ತಿರುಗಿ ತಿರುಗಿ ನೋಡಿ

ಹತ್ತೋದು ಅಂದ್ರೆ ಇಳಿಯೋದಕ್ಕೆ ಹೋಮ್‌ವರ್ಕು. ಪ್ರತಿ ಹತ್ತು ನಿಮಿಷಕ್ಕೊಮ್ಮೆ ನಿಂತು ಹಿಂದಕ್ಕೆ ತಿರುಗಿ ನೋಡಿ, ರಾತ್ರಿ ನಿಮಗೆ ಕಾಣೋದು ಆ ಮುಖ. ಹಿಂದಿನಿಂದ ಯಾವುದಾದ್ರೂ ದಾರಿ ಬಂದು ಸೇರ್ತಿದ್ಯಾ ಅಂತ ಮುಖ್ಯವಾಗಿ ಗಮನಿಸಿ, ಸೇರ್ತಿದ್ರೆ ಮ್ಯಾಪಲ್ಲಿ ಅಲ್ಲೊಂದು ಪಿನ್ ಹಾಕಿ, ಕೆಳಮುಖವಾಗಿ ನಿಂತು ಒಂದು ಫೋಟೋ ತೆಗೀರಿ. ಐದು ಸೆಕೆಂಡಿನ ಕೆಲಸ. ಟ್ರ್ಯಾಕ್ ರೆಕಾರ್ಡಿಂಗ್ ಕೆಳಗಿಂದಾನೇ ಆನ್ ಮಾಡಿದ್ರೆ ವಾಪಸ್ ಬರುವಾಗ ನಿಮ್ಮದೇ ಗೆರೆ ಮೇಲೆ ನಡೀಬಹುದು, ಆದ್ರೆ ಕಡಿದಾದ ಜಾಗದಲ್ಲಿ ಜಿಪಿಎಸ್ ಹತ್ತಿಪ್ಪತ್ತು ಮೀಟರ್ ಆಚೀಚೆ ತೋರ್ಸತ್ತೆ, ಪ್ರಪಾತದ ಪಕ್ಕ ಗೆರೆ ನಂಬಿ ಹೆಜ್ಜೆ ಇಡ್ಬೇಡಿ.

ಬೆವರು ಕಿತ್ಕೊಂಡು ಬರೋ ಹಾಗೆ ಓಡೋದೂ ಬೇಡ, ಮಾತಾಡ್ತಾ ಹತ್ತೋಕಾಗೋ ಸ್ಪೀಡು ಸಾಕು.

8. ತುದೀಲಿ

ಮುಟ್ಟಿದ ತಕ್ಷಣ, ಕ್ಯಾಮೆರಾಗಿಂತ ಮುಂಚೆ, ಒದ್ದೆ ಟೀಶರ್ಟ್ ಬದಲಾಯಿಸಿ ಜಾಕೆಟ್ ಹಾಕ್ಕೊಳ್ಳಿ. ಹೆಡ್‌ಲ್ಯಾಂಪನ್ನ ಬ್ಯಾಗಿಂದ ತೆಗೆದು ಕುತ್ತಿಗೆಗೆ ಹಾಕ್ಕೊಳ್ಳಿ, ಕತ್ತಲಲ್ಲಿ ಬ್ಯಾಗ್ ಒಳಗೆ ದೀಪ ಹುಡುಕೋದು ಕಾಮಿಡಿ ಆಗತ್ತೆ. ಹೊರಡೋ ಟೈಮಿಗೆ ಅಲಾರಂ ಇಡಿ, ಇಲ್ಲಾಂದ್ರೆ ಯಾರೂ ಏಳಲ್ಲ.

ಸೂರ್ಯ ಮುಳುಗೋಕೆ ಎಷ್ಟು ಟೈಮಿದೆ ಅಂತ ಕೈ ಚಾಚಿ ಬೆರಳು ಅಡ್ಡ ಹಿಡಿದು ನೋಡೋದು ಹಳೇ ಉಪಾಯ, ಸೂರ್ಯನಿಗೂ ದಿಗಂತಕ್ಕೂ ಮಧ್ಯೆ ಎಷ್ಟು ಬೆರಳು ಹಿಡಿಯತ್ತೋ ಅಷ್ಟು ಕಾಲು ಗಂಟೆ ಅಂತಾರೆ. ಇದು ಸಮಭಾಜಕದಿಂದ ದೂರದ ದೇಶಗಳಿಗೆ ಸುಮಾರಾಗಿ ಸರಿ ಹೋಗತ್ತೆ. ಉಷ್ಣವಲಯದಲ್ಲಿ ಸೂರ್ಯ ನೆಟ್ಟಗೆ ಇಳಿಯೋದ್ರಿಂದ ಒಂದು ಬೆರಳಿಗೆ 8 ನಿಮಿಷ ಅಂತ ಹಿಡೀರಿ, ಕಾಲು ಗಂಟೆ ಅಂದ್ಕೊಂಡ್ರೆ ಅರ್ಧಕ್ಕರ್ಧ ಮೋಸ ಹೋಗ್ತೀರ. ಸೂರ್ಯ ಇನ್ನೂ ಪ್ರಖರವಾಗಿದ್ದಾಗ ನೇರ ನೋಡ್ಬೇಡಿ, ಬೈನಾಕ್ಯುಲರ್ ಇಲ್ಲಾ ಕ್ಯಾಮೆರಾದ ಗಾಜಿನ ಕಿಂಡಿಯಿಂದಂತೂ ಯಾವಾಗ್ಲೂ ಬೇಡ.

ಈಗ ನನಗೆ ತುಂಬಾ ಇಷ್ಟದ ಭಾಗ. ಎಲ್ರೂ ಪಶ್ಚಿಮ ನೋಡ್ತಿರುವಾಗ ನೀವು ಒಂದು ಸಲ ಪೂರ್ವಕ್ಕೆ ತಿರುಗಿ. ನೀವು ನಿಂತಿರೋ ಬೆಟ್ಟದ ನೆರಳು ಕೆಳಗಿನ ಬಯಲ ಮೇಲೆ ಉದ್ದಕ್ಕೆ ಬಿದ್ದಿರತ್ತೆ, ಬೆಟ್ಟದ ಆಕಾರ ಹೇಗೇ ಇರ್ಲಿ ನೆರಳು ಮಾತ್ರ ತ್ರಿಕೋನ. ಉದ್ದದ ರೈಲು ಹಳಿ ದೂರದಲ್ಲಿ ಒಂದೇ ಬಿಂದುವಲ್ಲಿ ಸೇರಿದ ಹಾಗೆ ಕಾಣತ್ತಲ್ಲ, ಇದೂ ಅದೇ. ಸ್ಪೇನಿನ ಕ್ಯಾನರಿ ದ್ವೀಪದಲ್ಲಿರೋ 3715 ಮೀಟರಿನ ಟೇಡೆ ಪರ್ವತದ ನೆರಳು ಹೀಗೆ ಸಮುದ್ರದ ಮೇಲೆ ಬೀಳೋದು ಜಗತ್ಪ್ರಸಿದ್ಧ. ಕಣಿವೇಲಿ ಮಂಜು ತುಂಬಿದ್ರೆ ನಿಮ್ಮದೇ ನೆರಳು ಅದರ ಮೇಲೆ ದೈತ್ಯನ ಹಾಗೆ ಬಿದ್ದು ತಲೆ ಸುತ್ತ ಬಣ್ಣದ ಬಳೆ ಕಾಣಬಹುದು, ಜರ್ಮನಿಯ ಬ್ರೋಕನ್ ಬೆಟ್ಟದಿಂದಾಗಿ ಇದಕ್ಕೆ ಬ್ರೋಕನ್ ಭೂತ ಅಂತಾನೇ ಹೆಸರು ಬಂದಿದೆ. ಸೂರ್ಯ ಮುಳುಗಿ ಐದತ್ತು ನಿಮಿಷಕ್ಕೆ ಪೂರ್ವದ ದಿಗಂತದಲ್ಲಿ ಬೂದು ನೀಲಿ ಪಟ್ಟಿಯೊಂದು ಮೇಲೇಳತ್ತೆ, ಅದರ ಮೇಲೆ ಗುಲಾಬಿ ಪಟ್ಟಿ. ಆ ನೀಲಿ ಪಟ್ಟಿ ಭೂಮಿಯ ನೆರಳು, ವಾತಾವರಣದ ಮೇಲೆ ಬಿದ್ದಿರೋದು. ರಾತ್ರಿ ಹೇಗೆ ಮೇಲೇರ್ತಾ ಬರತ್ತೆ ಅನ್ನೋದನ್ನ ಕಣ್ಣಾರೆ ನೋಡ್ಬಹುದು.

ಮುಳುಗಿದ ತಕ್ಷಣ ಎದ್ದು ಓಡೋರು ಸುಮಾರು ಸಲ ಅಸಲಿ ಬಣ್ಣ ಮಿಸ್ ಮಾಡ್ಕೊಳ್ತಾರೆ, ಎತ್ತರದ ಮೋಡ ಇದ್ರೆ ಹತ್ತು ಹದಿನೈದು ನಿಮಿಷ ಆದ್ಮೇಲೇ ಜೋರು ಕೆಂಪು ಬರೋದು. ಅದಕ್ಕೇ ಲೆಕ್ಕದಲ್ಲಿ ಆ 20 ನಿಮಿಷ ಇಟ್ಟಿದ್ದು.

9. ಇಳಿಯೋದು

ಹೊರಡೋ ಮುಂಚೆ ತಲೆ ಎಣಿಸಿ. ಮುಂದೆ ದಾರಿ ಗೊತ್ತಿರೋರು, ಕೊನೇಲಿ ಗಟ್ಟಿಯಾಗಿರೋ ಇನ್ನೊಬ್ರು, ನಿಧಾನದೋರು ಮುಂದಿನೋರ ಹಿಂದೆನೇ ಎರಡನೆಯೋರಾಗಿ. ಹಿಂದಿನೋರ ಲೈಟು ಕಾಣ್ತಾ ಇರ್ಬೇಕು, ಕಾಣದಿದ್ರೆ ನಿಲ್ಲಿ. ಪಿನ್ ಹಾಕಿದ ಪ್ರತಿ ಕವಲಲ್ಲೂ ಎಲ್ರೂ ಬಂದು ಸೇರೋ ತನಕ ಯಾರೂ ಮುಂದೆ ಹೋಗೋ ಹಾಗಿಲ್ಲ.

ಕಣ್ಣು ಕತ್ತಲಿಗೆ ಪೂರ್ತಿ ಹೊಂದ್ಕೊಳ್ಳೋಕೆ 20ರಿಂದ 30 ನಿಮಿಷ ಬೇಕು, ಒಬ್ರು ತಲೆ ತಿರುಗಿಸಿ ಮುಖಕ್ಕೆ ಲೈಟ್ ಹೊಡೆದ್ರೆ ಅದೆಲ್ಲ ಒಂದು ಸೆಕೆಂಡಲ್ಲಿ ಹೋಯ್ತು. ಮಾತಾಡುವಾಗ ಲ್ಯಾಂಪನ್ನ ಕೆಳಕ್ಕೆ ಬಗ್ಗಿಸೋ ಅಭ್ಯಾಸ ಮಾಡ್ಕೊಳ್ಳಿ. ಮಂಜು ಬಂದ್ರೆ ಹಣೆ ಮೇಲಿನ ಬೆಳಕು ಮಂಜಿಗೆ ಹೊಡೆದು ಕಣ್ಣಿಗೇ ವಾಪಸ್ ಬಂದು ಬಿಳಿ ಗೋಡೆ ಕಾಣತ್ತೆ, ಆಗ ಲ್ಯಾಂಪ್ ಬಿಚ್ಚಿ ಸೊಂಟದ ಹತ್ರ ಕೈಲಿ ಹಿಡೀರಿ, ದಾರಿ ಕಾಣತ್ತೆ. ಮಂಜು ಇಲ್ದಿದ್ರೂ ಒರಟು ಕಲ್ಲಿನ ದಾರೀಲಿ ಇದು ಒಳ್ಳೇದು, ಕೆಳಗಿಂದ ಓರೆಯಾಗಿ ಬಿದ್ದ ಬೆಳಕಲ್ಲಿ ಕಲ್ಲಿನ ನೆರಳು ಎದ್ದು ಕಂಡು ಹಳ್ಳ ದಿಣ್ಣೆ ಗೊತ್ತಾಗತ್ತೆ.

ಹೆಜ್ಜೆ ಚಿಕ್ಕದಾಗಿ, ಮಂಡಿ ಸ್ವಲ್ಪ ಬಗ್ಗಿಸಿ, ಹಿಮ್ಮಡಿ ಮೇಲೆ ಪೂರ್ತಿ ಭಾರ ಹಾಕದೇ ಇಳೀರಿ. ಏನಾದ್ರೂ ನೋಡ್ಬೇಕು ಅನ್ನಿಸಿದ್ರೆ, ನಕ್ಷತ್ರನೋ ಊರ ದೀಪನೋ, ನಿಂತು ನೋಡಿ, ನಡೀತಾ ನೋಡ್ಬೇಡಿ. ಪ್ರಾಣಿ ಇರೋ ಜಾಗ ಆದ್ರೆ ಮಾತಾಡ್ತಾ ಬನ್ನಿ, ಬಾಯಿಪಾಠ ಇರೋ ಹಾಡು ಹೇಳಿದ್ರೂ ಸರಿ.

ದಾರಿ ತಪ್ಪಿದೆ ಅನ್ನೋ ಅನುಮಾನ ಬಂದ ಕ್ಷಣ ನಿಲ್ಲಿ. ಕೆಳಗೆ ದೀಪ ಕಾಣ್ತಿದೆ ನೇರ ಇಳಿದುಬಿಡೋಣ ಅನ್ನೋ ಯೋಚ್ನೆ ಬರತ್ತೆ, ನಮಗೂ ಅವತ್ತು ಬಂದಿತ್ತು, ಮಧ್ಯೆ ಬಂಡೆಯ ಗೋಡೆ ಇದ್ರೆ ಮೇಲಿಂದ ಕಾಣೋದೇ ಇಲ್ಲ. ಗ್ಯಾರಂಟಿ ಗೊತ್ತಿರೋ ಕೊನೇ ಜಾಗಕ್ಕೆ ಹತ್ತಿ ವಾಪಸ್ ಹೋಗಿ, ಅಲ್ಲಿಂದ ಮ್ಯಾಪ್ ನೋಡಿ. ಯಾರಿಗಾದ್ರೂ ಪೆಟ್ಟಾಗಿ ನಡೆಯೋಕಾಗ್ತಿಲ್ಲ ಅಂದ್ರೆ ಬೆಚ್ಚಗೆ ಹೊದಿಸಿ ಕೂರಿಸಿ, ಸಹಾಯಕ್ಕೆ ಕರೆ ಮಾಡಿ. ಸಿಗ್ನಲ್ ಇಲ್ದಿದ್ರೆ ಆಲ್ಪ್ಸ್ ಪರ್ವತದ ಕಡೆಯಿಂದ ಬಂದ ಸಂಕೇತ ನೆನಪಿರ್ಲಿ, ಒಂದು ನಿಮಿಷದಲ್ಲಿ ಆರು ಸಲ ಸೀಟಿ ಇಲ್ಲಾ ಲೈಟು, ಒಂದು ನಿಮಿಷ ಸುಮ್ನಿರಿ, ಮತ್ತೆ ಆರು. ಕೇಳಿಸ್ಕೊಂಡೋರು ನಿಮಿಷಕ್ಕೆ ಮೂರು ಸಲ ಉತ್ತರ ಕೊಡ್ತಾರೆ. ಉತ್ತರ ಬಂತು ಅಂತ ನಿಲ್ಲಿಸ್ಬೇಡಿ, ಅವರು ನಿಮ್ಮ ಹತ್ರ ಬರೋಕೆ ಆ ಸದ್ದೇ ದಾರಿ.

10. ಕೆಳಗೆ ಬಂದ್ಮೇಲೆ

ಮತ್ತೆ ತಲೆ ಎಣಿಸಿ, ಮನೇಲಿ ಕಾಯ್ತಿರೋರಿಗೆ ಮೆಸೇಜ್ ಹಾಕಿ, ಇದನ್ನ ಮರೆತು ಊಟಕ್ಕೆ ಕೂತು ಆಚೆ ಕಡೆ ಗಾಬರಿ ಆಗಿರೋ ಉದಾಹರಣೆ ಇದೆ. ಡ್ರೈವ್ ಮಾಡೋರು ಕಾಲು ಗಂಟೆ ಕೂತು ಏನಾದ್ರೂ ತಿಂದು ಆಮೇಲೆ ಸ್ಟೇರಿಂಗ್ ಹಿಡೀಲಿ. ಹತ್ತೋಕೆ ಎಷ್ಟು, ಇಳಿಯೋಕೆ ಎಷ್ಟು ಹಿಡೀತು ಅಂತ ಫೋನಲ್ಲಿ ಬರೆದಿಟ್ಕೊಳ್ಳಿ, ಮೂರು ನಾಲ್ಕು ಸಲ ಆದ್ಮೇಲೆ ನೈಸ್ಮಿತ್ ಲೆಕ್ಕಕ್ಕಿಂತ ನಿಮ್ಮ ಗುಂಪಿನ ಲೆಕ್ಕನೇ ಕರೆಕ್ಟಾಗಿ ಬರತ್ತೆ. ಮನೆಗೆ ಹೋದ ರಾತ್ರೀನೇ ಹೆಡ್‌ಲ್ಯಾಂಪ್ ಚಾರ್ಜಿಗೆ ಹಾಕಿ, ನಾಳೆ ಅಂದ್ರೆ ಅದು ಮುಂದಿನ ಟ್ರೆಕ್ ತನಕ ಬ್ಯಾಗಲ್ಲೇ ಉಳಿಯತ್ತೆ.